ಡಿಕ್ಷನರಿಯಲ್ಲಿ ಬಚ್ಚಿಟ್ಟ ಎಕ್ಸ್‌ರೇ ವರದಿ

"ಹಲೋ... ಯಾರು ಮಾತಾಡೋದು? ... ಓಹೋ, ಶಿವರುದ್ರಮ್ಮನೋರಾ! ಪಾವಗಡದ ಬೀಗ್ರು! ಹಾಂ, ನಾನೇ ಕಣ್ರಮ್ಮ, ನಂದೀಶ್ವರಯ್ಯ. ಹೇಳಿ."

ಮೂವತ್ತೆರಡು ವರ್ಷ ಮಧುಗಿರಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು ನಡುಮನೆಯ ಕುರ್ಚಿಯಲ್ಲಿ ಕಾಲು ಚಾಚಿದರು. ಮೇಜಿನ ಮೇಲೆ ದಪ್ಪ ಡಿಕ್ಷನರಿ. ಹೊಸಿಲಾಚೆ ಸೊಸೆ ಮಂಜುಶ್ರೀ ನಿಂತಿದ್ದಳು, ಬಲಗೈಗೆ ಬಿದಿರು ದಬ್ಬೆಯ ಕಟ್ಟು.

"... ಮಂಜುಗೆ ಕೊಡೋದಾ? ಮಲಗವ್ಳೆ. ಈಗ ತಾನೆ ಕಣ್ಣು ಮುಚ್ಚವ್ಳೆ ಪಾಪ."

ಹೇಳುತ್ತಾ ಸೊಸೆಯ ಮುಖವನ್ನೇ ನೋಡಿದರು.

"... ಹಾಂ, ಹಿತ್ತಲ ಕೋಣೇಲೇ. ಮೂಳೆ ಕಟ್ಟೋನು ಮೊಟ್ಟೆ ಬಳಿದು ಕಟ್ಟವ್ನೆ. ದಿನಾ ಲಿಂಗಪೂಜೆ ಆಗೋ ಮನೆ, ಒಳಗೆ ಬಿಟ್ಕೊಳ್ಳೋಕಾಯ್ತದಾ? ನೀವೂ ನಮ್ಮೋರೇ, ನಿಮ್ಗೆ ಹೇಳ್ಬೇಕಾ?"

"... ಆಸ್ಪತ್ರೆ ಯಾಕೆ? ಅಲ್ಲಿ ಹೆಂಗಾಯ್ತು, ಯಾರು ಮಾಡಿದ್ದು ಅಂತ ಬರ್ದು ಸ್ಟೇಷನ್‌ಗೆ ಕಳಿಸ್ತಾರೆ. ಕಟ್ಟೋನು ಎಕ್ಸ್‌ರೇ ಒಂದು ಕೇಳ್ದ, ತೆಗೆಸಿದ್ವಿ, ಕಟ್ದ, ಮುಗೀತು. ಬಚ್ಚಲಲ್ಲಿ ಜಾರಿ ಬಿದ್ರೆ ನಿಮ್ ಅಳಿಯ ಪ್ರಭು ಏನ್ಮಾಡ್ತಾನೆ, ಅಲ್ವಾ?"

"... ಅಳಬೇಡಿ. ಫ್ರಾಕ್ಚರ್ ಅಂದ ತಕ್ಷಣ ಹಿಂಗೆ ಹೆದರ್ತೀರಲ್ಲ! ಲ್ಯಾಟಿನ್‌ನಲ್ಲಿ ಫ್ರಾಂಗೆರೆ ಅಂತ, ಮುರಿಯೋದು ಅಂತ ಅರ್ಥ. ಲೆಕ್ಕದ ಫ್ರಾಕ್ಷನ್ ಐತಲ್ಲ, ಅದೂ ಅದೇ ಬೇರಿಂದು. ಗಾಜಿನ ಪೆಟ್ಟಿಗೆ ಮೇಲೆ ಫ್ರಜೈಲ್ ಅಂತ ಬರೆದಿರ್ತಾರೆ, ಅದೂ ಅದೇ ಸಂಸಾರ. ನಿಮ್ ಮಗಳ ಮೇಲೂ ಹಂಗೇ ಬರ್ದು ಕಳಿಸಿದ್ರೆ ಜೋಪಾನವಾಗಿ ಇಳಿಸ್ಕೊಂತಿದ್ವಿ!"

ತಾವೇ ಹೇಳಿ ತಾವೇ ನಕ್ಕರು.

"... ಕಾರು ಕಳಿಸ್ತೀರಾ? ಇವತ್ತೇ? ಬೇಡ. ಕೈ ಮುರ್ಕೊಂಡ ಹೆಣ್ಣು ತೌರಿಗೆ ಹೋದ್ರೆ ಬೀದಿ ಜನ ಏನಂದಾರು? ಕಟ್ಟು ಬಿಚ್ಚೋವರ್ಗೂ ಕಳಿಸಲ್ಲ. ... ಬಂದ್ರೆ ಗೇಟಲ್ಲೇ ನಿಲ್ತೀರಿ, ಅಷ್ಟೇ."

"... ಏನು? ಒಂದು ಪದ ಕೇಳ್ಬೇಕಾ? ಕೇಳಿ, ಕೇಳಿ!"

ಯಾರೇ ಪದದ ಅರ್ಥ ಕೇಳಲಿ, ಹೇಳದೆ ಬಿಟ್ಟ ಜೀವವಲ್ಲ ಅದು. ಬೆನ್ನು ನೆಟ್ಟಗೆ ಮಾಡಿ ಕೂತರು.

"... ಸ್ಪೈರಲ್? ಆಹಾ! ಗ್ರೀಕಿಂದ ಬಂದದ್ದು ಕಣ್ರಮ್ಮ. ಸುರುಳಿ ಅಂತ. ಸ್ಪೈರಲ್ ಫ್ರಾಕ್ಚರ್ ಅಂದ್ರೆ ಮೂಳೆ ಸುರುಳಿ ಸುತ್ಕೊಂಡು ಮುರಿಯೋದು. ಒದ್ದೆ ಸೀರೆ ಹೆಂಗೆ ಹಿಂಡ್ತೀರಿ? ಒಂದು ಕೊನೆ ಗಟ್ಟಿಯಾಗಿ ಹಿಡ್ದು, ಇನ್ನೊಂದು ಕೊನೆ ತಿರುಚಿ..."

ಮಾತು ಅಲ್ಲೇ ನಿಂತಿತು.

"... ಎಲ್ಲಿ ಓದ್ತಿದ್ದೀರಿ ಇದನ್ನ? ... ಫೋನಲ್ಲಾ? ... ಯಾರು ಕಳಿಸಿದ್ದು? ... ಶಿವರುದ್ರಮ್ಮನೋರೇ, ಯಾರು ಕಳಿಸಿದ್ದು ಅಂದೆ."

ಡಿಕ್ಷನರಿ ತೆರೆದರು. ಎಫ್ ಅಕ್ಷರದ ಪುಟಗಳ ನಡುವೆ ತಾವೇ ಬಚ್ಚಿಟ್ಟಿದ್ದ ಎಕ್ಸ್‌ರೇ ವರದಿ ಅಲ್ಲೇ ಇತ್ತು. ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿದ್ದರು. ಈಗ ಅದರ ಮಡಿಕೆ ಸೊಟ್ಟಗಿತ್ತು, ಒಂದೇ ಕೈಯಲ್ಲಿ ಮಡಿಸಿದ ಹಾಗೆ.

ಫೋನು ಕಿವಿಯಲ್ಲಿದ್ದಂತೆಯೇ ಹೊಸಿಲ ಕಡೆ ತಿರುಗಿದರು. ದನಿ ಪಾಠ ಹೇಳುವಷ್ಟೇ ಮೃದುವಾಗಿತ್ತು.

"ಬಾರಮ್ಮ ಮಂಜು. ಇವತ್ತು ಒಳಗೆ ಬಂದ್ರೂ ಪರ್ವಾಗಿಲ್ಲ. ... ಬಲಗೈ ಕಟ್ಟಲ್ಲೈತೆ. ಫೋಟೋ ಯಾವ ಕೈಲಿ ತೆಗ್ದೆ? ... ಎಡಗೈಲಾ? ... ಎಲ್ಲಿ, ನೋಡಾನ, ಚಾಚು. ... ಲೋ ಪ್ರಭು, ಬಾರೋ ಇಲ್ಲಿ. ಬಾಗ್ಲು ಹಾಕ್ಕೊಂಡು ಬಾ. ... ಹಾಂ, ಬೀಗ್ರೇ, ಯಾಕೆ ಅಂಗೆ ಕೂಗ್ಕೊಂತೀರಿ? ನಿಮ್ ಮಗಳು ಎದ್ದವ್ಳೆ ಬುಡಿ, ಈಗ..."

ಲೈನು ಕಡಿಯಿತು.