ಚಾರ್ಜರಿನ ನಾಲ್ಕನೇ ಗುರುತು

ಹೆಸರು: ಡೆರಿಲ್ ಪೋಕಾಕ್. ವಯಸ್ಸು: 54 ವರ್ಷ. ಓದು: ಏಳನೇ ತರಗತಿ. ಕೆಲಸ: ಮೊದಲು ಮೂವತ್ತು ವರ್ಷ ಕುರಿಗಳ ಉಣ್ಣೆ ಕತ್ತರಿಸುವುದು, ಈಗ ಟ್ರೇಲರ್ ತಂಗುದಾಣದಲ್ಲಿ ನಲ್ಲಿ, ದೀಪಗಳ ರಿಪೇರಿ. ವಾಸ: ತಂಗುದಾಣದ ಹಿಂದಿನ ತಗಡಿನ ಶೆಡ್ಡು, ವಿಲ್ಗಾ ಬೋರ್, ಪಶ್ಚಿಮ ಕ್ವೀನ್ಸ್‌ಲ್ಯಾಂಡ್.

ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಗುರುವಾರ ಮಧ್ಯಾಹ್ನ ನೊರೀನ್ ಟಿಂಡೇಲ್ ಎಂಬುವವರು ತಮ್ಮ ಟ್ರೇಲರಿನೊಳಗೆ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಅಂಗಡಿಯ ಇಲ್ಮಾ ಸ್ಟೌಟ್ ಕೆಟ್ಟ ಬ್ಯಾಟರಿ ಚಾರ್ಜರ್ ಮಾರಿದ್ದೇ ಇದಕ್ಕೆ ಕಾರಣ ಎಂದು ಅವರ ಗಂಡ ಮರ್ವ್ ನಿನ್ನೆ ಸಂಜೆ ದೂರು ಕೊಟ್ಟಿದ್ದಾರೆ. ಇಂದು ಬೆಳಿಗ್ಗೆ ಇಲ್ಮಾ ಅವರ ಅಂಗಡಿಗೆ ಬೀಗ ಬಿದ್ದಿದೆ. ಅದಕ್ಕಾಗಿ ನಾನೇ ನಡೆದುಕೊಂಡು ಠಾಣೆಗೆ ಬಂದಿದ್ದೇನೆ. ತಮಾಷೆ ಬಿಟ್ಟು ನಡೆದದ್ದನ್ನು ನಡೆದ ಹಾಗೆ ಹೇಳಬೇಕೆಂದು ಸಾರ್ಜೆಂಟ್ ಹೆಫರ್ನನ್ ಅವರು ತಿಳಿಸಿದ್ದಾರೆ. ಪ್ರಯತ್ನ ಮಾಡುತ್ತೇನೆ.

ಮರ್ವ್ ಅವರಿಗೆ 71 ವರ್ಷ, ನೊರೀನ್ ಅವರಿಗೆ 69. ಆರು ವರ್ಷದಿಂದ ಚಳಿಗಾಲ ಬಂತೆಂದರೆ ದಕ್ಷಿಣದಿಂದ ತಮ್ಮ ಟ್ರೇಲರ್ ಮನೆಯನ್ನು ಗಾಡಿಗೆ ಕಟ್ಟಿ ಎಳೆದುಕೊಂಡು ನಮ್ಮಲ್ಲಿಗೆ ಬರುತ್ತಾರೆ. ನೊರೀನ್ ಅವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇದೆ. ರಾತ್ರಿ ಮೂಗಿಗೆ ಗಾಳಿ ಯಂತ್ರ ಹಾಕಿಕೊಂಡೇ ಮಲಗಬೇಕು. ಇಂದು ಬೆಳಿಗ್ಗೆ ಇಬ್ಬರೂ ಮೀನು ಹಿಡಿಯಲು 90 ಕಿ.ಮೀ. ದೂರದ ಮಡುವಿಗೆ ಹೊರಡುವವರಿದ್ದರು. ಅಲ್ಲಿ ಕರೆಂಟ್ ಇಲ್ಲ. ಮೂರು ರಾತ್ರಿ ಆ ಯಂತ್ರ ಟ್ರೇಲರಿನ ಬ್ಯಾಟರಿಯಲ್ಲೇ ಓಡಬೇಕು. ಅವರ ಹಳೆಯ ಚಾರ್ಜರ್ ಬುಧವಾರ ಸುಟ್ಟುಹೋಗಿತ್ತು.

ನಿನ್ನೆ ಬೆಳಿಗ್ಗೆ 9.20ಕ್ಕೆ ನಾನು ಮತ್ತು ಮರ್ವ್, ಅವರ ಗಾಡಿಯಲ್ಲಿ, 2.3 ಕಿ.ಮೀ. ದೂರದ ಇಲ್ಮಾ ಅವರ ಅಂಗಡಿಗೆ ಹೋದೆವು. ಬ್ಯಾಟರಿ ಯಾವ ಜಾತಿಯದು ಎಂದು ಇಲ್ಮಾ ಕೇಳಿದರು. ಮರ್ವ್ ಅವರು, 'ಕರೀದು ಕಣಮ್ಮ' ಎಂದರು. ನಾನು, 'ಸ್ವಲ್ಪ ದಪ್ಪಗಿದೆ, ಮರ್ವ್ ಥರಾನೇ' ಎಂದೆ. ಇಲ್ಮಾ ನಗಲಿಲ್ಲ. 'ಹೆಸರು ಓದ್ಕೊಂಡು ಬನ್ನಿ, ಆಮೇಲೆ ಹಲ್ಲು ಕಿಸಿಯೋಣ' ಎಂದು ವಾಪಸ್ ಕಳಿಸಿದರು. ಹೋಗಿ ಓದಿಕೊಂಡು 10.05ಕ್ಕೆ ಮತ್ತೆ ಬಂದೆವು. ಮುಚ್ಚಳವಿಲ್ಲದೆ ಸೀಲ್ ಮಾಡಿದ ಬ್ಯಾಟರಿ, ನೂರು ಆಂಪಿಯರ್-ಗಂಟೆಯದು, ಆರು ವರ್ಷ ಹಳೆಯದು.

ಮರ್ವ್ ಅವರು ನಲವತ್ತು ಆಂಪಿಯರ್ ಚಾರ್ಜರ್ ಕೈಗೆತ್ತಿಕೊಂಡರು, ಬೇಗ ತುಂಬುತ್ತದೆಂದು. ಇಲ್ಮಾ ಅದನ್ನು ಕಿತ್ತು ಒಳಗಿಟ್ಟರು. ನೂರರ ಬ್ಯಾಟರಿಗೆ ಹದಿನೈದು ಸಾಕು, ಹಳೆಯ ಬ್ಯಾಟರಿಗೆ ನಿಧಾನವಾಗಿಯೇ ಉಣ್ಣಿಸಬೇಕು ಎಂದು ವಿವರಿಸಿದರು. ಆ ಹೊತ್ತಿಗೆ ಮರ್ವ್ ಗಾಳದ ಮುಳ್ಳು ನೋಡಲು ಅಂಗಡಿಯ ಆ ತುದಿಗೆ ಹೋಗಿದ್ದರು. ಮುಂದಿನ ಮಾತನ್ನು ಇಲ್ಮಾ ನನಗೆ ಹೇಳಿದರು, ನಾನೊಬ್ಬನೇ ಕೇಳಿಸಿಕೊಂಡೆ. ಚಾರ್ಜರಿನ ತಿರುಗುಗುಂಡಿಗೆ ನಾಲ್ಕು ಗುರುತುಗಳಿವೆ. ಸೀಲ್ ಬ್ಯಾಟರಿಗೆ ಎರಡನೆಯದು. ನಾಲ್ಕನೆಯದು ಮುಚ್ಚಳ ತೆಗೆಯಲು ಬರುವ ಹಳೆಯ ಬ್ಯಾಟರಿಗಳನ್ನು ಬಯಲಲ್ಲಿಟ್ಟು ಜೋರು ಕರೆಂಟಿನಿಂದ ಕುದಿಸಿ ಎಬ್ಬಿಸುವುದಕ್ಕೆ ಮಾತ್ರ. 'ಇದನ್ನ ಮುಟ್ಟಿದ್ರೆ ಕೈ ಮುರೀತೀನಿ ಡೆರಿಲ್' ಎಂದು ಹೇಳಿ, ಬೆರಳುದ್ದ ನೀಲಿ ಟೇಪು ಹರಿದು, ಅದರ ಮೇಲೆ 'ಮುಟ್ಟಬೇಡಿ' ಎಂದು ಬರೆದು, ನಾಲ್ಕನೇ ಗುರುತಿನ ಮೇಲೆ ಅಂಟಿಸಿದರು.

11.15ಕ್ಕೆ ನಾನೇ ಚಾರ್ಜರನ್ನು ಟ್ರೇಲರಿನ ಹಾಸಿಗೆ ಕೆಳಗಿನ ಪೆಟ್ಟಿಗೆಯಲ್ಲಿ ಬ್ಯಾಟರಿ ಪಕ್ಕಕ್ಕೆ ಕೂರಿಸಿ, ಎರಡನೇ ಗುರುತಿಗೆ ಇಟ್ಟೆ. 12.40ಕ್ಕೆ ನೋಡಿದರೆ ಚಾರ್ಜರಿನ ಮೀಟರಿನ ಮುಳ್ಳು ಕಾಲು ಭಾಗವೂ ಏರಿರಲಿಲ್ಲ. ಮರ್ವ್, 'ಹಿಂಗಾದ್ರೆ ಕ್ರಿಸ್‌ಮಸ್‌ಗೆ ಹೊರಡೋದು ನಾವು' ಎಂದು ಗೊಣಗಿದರು. ಮೂರನೇ ರಾತ್ರಿ ನಡುವೆ ಯಂತ್ರ ನಿಂತರೆ ಏನು ಗತಿ ಎಂದು ನೊರೀನ್ ಕೇಳಿದರು. ಅವರ ಮುಖ ನೋಡಿ ನನಗೆ ಸುಮ್ಮನಿರಲಾಗಲಿಲ್ಲ.

ಉಣ್ಣೆ ಶೆಡ್ಡುಗಳಲ್ಲಿ ನಾವು ಮಂಕು ಬ್ಯಾಟರಿಗಳನ್ನು ಹೀಗೇ ಕುದಿಸಿ ಎಬ್ಬಿಸುತ್ತಿದ್ದೆವು. ಮೂವತ್ತು ವರ್ಷ ಒಂದೂ ತೊಂದರೆಯಾಗಿಲ್ಲ. ಅವು ಮುಚ್ಚಳವಿದ್ದ ಬ್ಯಾಟರಿಗಳು, ಶೆಡ್ಡಿಗೆ ಗೋಡೆಯೇ ಇರಲಿಲ್ಲ. ಇದು ನನಗೆ ನಿನ್ನೆ ಹೊಳೆಯಲಿಲ್ಲ. 12.50ಕ್ಕೆ ನಾನು ಆ ಟೇಪು ಕಿತ್ತು, ಗುಂಡಿಯನ್ನು ನಾಲ್ಕಕ್ಕೆ ತಿರುಗಿಸಿದೆ. 'ಎರಡು ಗಂಟೆ ಬಿಡಿ, ಕುದುರೆ ಥರಾ ಒದೀತದೆ' ಎಂದೆ. ನೊರೀನ್ ಅವರು, 'ಲೋ ಡೆರಿಲ್, ದೇವರು ನಿನ್ನ ಬಾಯಿಗೂ ಒಂದು ಗುಂಡಿ ಇಟ್ಟಿದ್ರೆ ಚೆನ್ನಾಗಿತ್ತು ಕಣೋ' ಎಂದರು. ಎಲ್ಲರೂ ನಕ್ಕೆವು. ಎರಡು ಗಂಟೆಯ ನಂತರ ಬಂದು ನೋಡುವುದನ್ನು ನಾನು ಮರೆತೆ.

1.10ಕ್ಕೆ ಸ್ನಾನದ ಮನೆಯ ಕೊಳವೆ ಸೋರುತ್ತಿದ್ದುದರಿಂದ ಬೋರ್ ನೀರಿನ ಮುಖ್ಯ ನಲ್ಲಿಯನ್ನು ಬಂದ್ ಮಾಡಿ ರಿಪೇರಿಗೆ ಕುಳಿತೆ. 2.05ಕ್ಕೆ ನೊರೀನ್ ಒಂದು ನಿದ್ದೆ ಮಾಡುತ್ತೇನೆಂದು ಒಳಗೆ ಹೋದರು. ನೊಣದ ಕಾಟಕ್ಕೆ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡರು. ಹೊರಗೆ 36 ಡಿಗ್ರಿ ಬಿಸಿಲಿತ್ತು.

3.30ಕ್ಕೆ ಎಂದಿನಂತೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಎಲ್ಲರೂ ತಮ್ಮ ತಮ್ಮ ಕುರ್ಚಿ, ಬಿಯರ್ ತಂದು ದುಂಡಗೆ ಕುಳಿತೆವು. ಅಲ್ಲಿಂದ ಮರ್ವ್ ಅವರ ಟ್ರೇಲರಿಗೆ 38 ಹೆಜ್ಜೆ. 3.38ಕ್ಕೆ ಕೊಳೆತ ಮೊಟ್ಟೆಯ ವಾಸನೆ ಬಂತು. ನಮ್ಮೂರಿನ ಬೋರ್ ನೀರಿಗೆ ಅದೇ ವಾಸನೆ. ಯಾರಾದರೂ ಸ್ನಾನ ಮಾಡಿದರೆ ಇಡೀ ತಂಗುದಾಣಕ್ಕೆ ಗೊತ್ತಾಗುತ್ತದೆ. ಆದ್ದರಿಂದ ಯಾರೂ ಏಳಲಿಲ್ಲ. ಪಕ್ಕದ ಟ್ರೇಲರಿನ ಬೆರಿಲ್ ಅವರು, 'ಈ ಹೊತ್ತಲ್ಲಿ ಯಾರಪ್ಪಾ ಮೈ ತೊಳೆಯೋರು' ಎಂದರು. ನಾನು, 'ಮರ್ವ್ ಇಲ್ಲೇ ಕೂತಿದಾನಲ್ಲ, ಅವನ ಮೈಗೆ ಹೆದರಿದ್ದ ನೀರು ಈಗ ಧೈರ್ಯ ಮಾಡಿ ಹೊರಗೆ ಬಂದಿರ್ಬೇಕು' ಎಂದೆ. ತುಂಬಾ ನಕ್ಕರು. ಅದಕ್ಕೇ ಇನ್ನೂ ಎರಡು ಮಾತು ಸೇರಿಸಿದೆ. ಆ ಮಾತುಗಳನ್ನು ಇಲ್ಲಿ ಬರೆಸುವುದಿಲ್ಲ. ಒಟ್ಟು ಆರು ನಿಮಿಷ ಹೋಯಿತು.

3.44ಕ್ಕೆ ಬೆರಿಲ್, 'ಅದಿರ್ಲಿ ಮಾರಾಯ, ನೀರು ಯಾವಾಗ ಬಿಡ್ತೀಯಾ? ಪಾತ್ರೆ ಹಾಗೇ ಬಿದ್ದಿವೆ' ಎಂದು ಕೇಳಿದರು.

ನಲ್ಲಿಯನ್ನು ತಿರುಗಿಸುವ ಹಿಡಿಕೆ ನನ್ನ ತೊಡೆಯ ಮೇಲೇ ಇತ್ತು. 1.10ರಿಂದ ತಂಗುದಾಣದಲ್ಲಿ ಒಂದು ಹನಿ ಬೋರ್ ನೀರು ಹರಿದಿರಲಿಲ್ಲ. ಕುದಿಯುವ ಬ್ಯಾಟರಿಯಿಂದ ಏಳುವ ವಿಷಗಾಳಿಗೂ ಅದೇ ವಾಸನೆ.

ನಾನು ಓಡಿದೆ. ಮೊದಲು ಕಂಬದ ಬಳಿ ಟ್ರೇಲರಿನ ಕರೆಂಟ್ ತೆಗೆದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಆ ಹಿಡಿಕೆಯಿಂದಲೇ ಕಿಟಕಿ ಒಡೆದು, ಕೈ ಹಾಕಿ ಚಿಲಕ ತೆಗೆದೆ. ಮರ್ವ್ ಹಿಂದೆಯೇ ಬಂದು, 'ನೊರ್, ಏಯ್ ನೊರ್, ಏಳೇ' ಎಂದು ಒಳಗೆ ನುಗ್ಗಲು ನೋಡಿದರು. ಅವರ ಬಾಯಲ್ಲಿ ಸಿಗರೇಟು ಉರಿಯುತ್ತಿತ್ತು, ಬ್ಯಾಟರಿಯ ಗಾಳಿ ಸಿಡಿಯಲು ಒಂದು ಕಿಡಿ ಸಾಕು. ಅದನ್ನು ಕಿತ್ತೆಸೆದು ಅವರನ್ನು ಎದೆಗೆ ಕೈಕೊಟ್ಟು ತಳ್ಳಿದೆ, ಬಿದ್ದರು. ಉಸಿರು ಬಿಗಿಹಿಡಿದು ಒಳಗೆ ಹೋಗಿ ನೊರೀನ್ ಅವರನ್ನು ಕಾಲು ಹಿಡಿದು ಎಳೆದು ತಂದೆ. ಹಾಸಿಗೆಯ ಕೆಳಗಿನ ಹಲಗೆ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಅವರ ಎಡಗಾಲಿನ ಚಪ್ಪಲಿ ಒಳಗೇ ಉಳಿಯಿತು.

ಅವರ ತುಟಿ ನೀಲಿಯಾಗಿತ್ತು. ಉಸಿರಿರಲಿಲ್ಲ. ಬೆರಿಲ್ ಫೋನ್ ಮಾಡಿದರು. ನಾನು ಎದೆ ಒತ್ತತೊಡಗಿದೆ. ನನಗೆ ಕುರಿ ಎಣಿಸುವುದು ಬಿಟ್ಟು ಬೇರೆ ಎಣಿಕೆ ಬರುವುದಿಲ್ಲ. ದೊಡ್ಡಿಯಿಂದ ಹೊರಬಿಡುವಾಗ ಕೂಗುವಂತೆಯೇ ಗಟ್ಟಿಯಾಗಿ ಎಣಿಸಿದೆ. ಯಾರೂ ನಗಲಿಲ್ಲ. ಏಳನೇ ನೂರಿನ ನಡುವೆ, 3.53ಕ್ಕೆ, ಅವರು ಒಮ್ಮೆ ಕೆಮ್ಮಿದರು. 3.56ಕ್ಕೆ ಆಂಬುಲೆನ್ಸ್ ಬಂತು.

ಇಂದು ಬೆಳಿಗ್ಗೆ 8.40ಕ್ಕೆ ನೊರೀನ್ ಕಣ್ಣು ಬಿಟ್ಟರೆಂದು ಆಸ್ಪತ್ರೆಯ ನರ್ಸ್ ತಿಳಿಸಿದರು. ಇನ್ನೂ ಮಾತಾಡಿಲ್ಲ. ಮಾತಾಡುತ್ತಾರೋ ಇಲ್ಲವೋ ಸಂಜೆಯವರೆಗೆ ಹೇಳಲಾಗದೆಂದು ಡಾಕ್ಟರು ಹೇಳಿದ್ದಾರಂತೆ.

ಚಾರ್ಜರ್ ಸರಿಯಾದದ್ದೇ. ಇಲ್ಮಾ ಸರಿಯಾದದ್ದನ್ನೇ ಆರಿಸಿಕೊಟ್ಟರು, ಸರಿಯಾಗಿಯೇ ಹೇಳಿದರು. ಅವರ ಮೇಲೆ ಯಾವ ತಪ್ಪೂ ಇಲ್ಲ.

ಟೇಪು ಎಲ್ಲಿ ಎಂದು ಸಾರ್ಜೆಂಟ್ ಕೇಳಿದ್ದಾರೆ. 12.50ಕ್ಕೆ ಕಿತ್ತ ಟೇಪನ್ನು ನಾನು ತಮಾಷೆಗೆಂದು ಮರ್ವ್ ಅವರ ಟೋಪಿಯ ಹಿಂಭಾಗಕ್ಕೆ ಅಂಟಿಸಿದೆ. ಅವರಿಗೆ ಗೊತ್ತಿಲ್ಲ. ನೊರೀನ್ ನೋಡಿ, ಸುಮ್ಮನಿರು ಎಂದು ನನಗೆ ಕಣ್ಣು ಹೊಡೆದಿದ್ದರು. ಇಂದು ಬೆಳಿಗ್ಗೆ 9.10ಕ್ಕೆ ನಾನು ಆಸ್ಪತ್ರೆಯ ಬಾಗಿಲವರೆಗೆ ಹೋಗಿದ್ದೆ. ಮರ್ವ್ ನೊರೀನ್ ಅವರ ಮಂಚದ ಪಕ್ಕ ಈ ಕಡೆ ಬೆನ್ನು ಮಾಡಿ, ಅವರ ಕೈ ಹಿಡಿದು ಕುಳಿತಿದ್ದರು. ಟೋಪಿ ತಲೆಯ ಮೇಲೇ ಇತ್ತು. 'ಮುಟ್ಟಬೇಡಿ' ಎಂದು ಬಾಗಿಲಿಂದಲೇ ಓದಬಹುದಿತ್ತು. ಒಳಗೆ ಹೋಗಿ ತೆಗೆಯಲು ನನ್ನಿಂದ ಆಗಲಿಲ್ಲ. ಅಕ್ಷರ ಇಲ್ಮಾ ಅವರದು, ಬೆರಳ ಗುರುತು ನನ್ನದು. ದಯವಿಟ್ಟು ನಿಮ್ಮವರು ಯಾರಾದರೂ ಹೋಗಿ ಅದನ್ನು ಮೆಲ್ಲಗೆ ತೆಗೆಯಬೇಕು.

ಮೇಲೆ ಬರೆದದ್ದನ್ನು ಸಾರ್ಜೆಂಟ್ ಎರಡು ಸಲ ಓದಿ ಹೇಳಿದರು, ಕೇಳಿದ್ದೇನೆ. ಯಾರ ಬಲವಂತವೂ ಇಲ್ಲ. ಎಲ್ಲವೂ ನಿಜ, ನಗಿಸಲೆಂದು ಏನನ್ನೂ ಸೇರಿಸಿಲ್ಲ.

ಸ್ಥಳ: ವಿಲ್ಗಾ ಬೋರ್ ಪೊಲೀಸ್ ಠಾಣೆ
ದಿನಾಂಕ: 12-09-2025, ಬೆಳಿಗ್ಗೆ 10.25

(ಸಹಿ) ಡೆರಿಲ್ ಪೋಕಾಕ್