ಇಂಗು, ಮಲ್ಲಿಗೆ, ಕಾಫಿಪುಡಿ

ಅಲ್ಲ ಮೇಡಂ, ಸ್ಕೂಟರ್ ಸ್ಟಾರ್ಟ್ ಮಾಡ್ಬೇಡಿ. ಒಂದು ನಿಮಿಷ ನಿಂತು ಕೇಳಿ. ನಿಮ್ಮ ಅಭಿನವನನ್ನ ಗೇಟಿನಿಂದ ವಾಪಸ್ ಕಳಿಸಿದ್ದು ಈ ಸಿದ್ದೇಶ ಅಲ್ಲ. ಅವನ ಮೂಗು. ನನಗೇನು ನಿಮ್ಮ ಮಗನ ಮೇಲೆ ಹಗೇನಾ? ನನ್ನ ಲಿಖಿತ್ ಆಡೋ ಟೀಮಲ್ಲೇ ಅವನೂ ಆಡೋದು. ಲಿಖಿತ್ ಮುಂದೆ ಓಡೋನು, ಅಭಿನವ ಗೋಲು ಕಾಯೋನು. ಗೋಲು ಕಾಯೋನೇ ಇಲ್ಲದೆ ಆಟ ಹೆಂಗೆ ನಡೆಸಲಿ ಅಂತ ಕೋಚ್ ಯೋಗೇಂದ್ರ ಒಳಗೆ ತಲೆ ಕೆರ್ಕೊಂಡು ನಿಂತವ್ನೆ. ಅವನಿಗಿರೋ ಬೇಜಾರು ನನಗಿಲ್ಲ ಅಂದ್ಕೊಂಡ್ರಾ? ಇದೆ ಕಣ್ರೀ. ಆದ್ರೆ ರೂಲ್ಸ್ ಅಂದ್ರೆ ರೂಲ್ಸು.

ಕೂತ್ಕೊಳಿ, ಆ ಕಲ್ಲುಬೆಂಚಿನ ಮೇಲೆ. ಹುಡುಗ ಸ್ಕೂಟರ್ ಮೇಲೇ ಇರಲಿ. ನಾನು ಕಿತ್ತಳೆ ಸುಲೀತಾ ಮಾತಾಡ್ತೀನಿ, ಅಗೌರವ ಅಂದ್ಕೋಬೇಡಿ. ನಿಮಗೇ ಗೊತ್ತಲ್ಲ, ಲಾಕ್‌ಡೌನ್‌ಗೆ ಮುಂಚಿನಿಂದ ನಮ್ಮ ಮೈದಾನದ ಪದ್ಧತಿ. ಪ್ರತಿ ಭಾನುವಾರ ಒಬ್ಬ ಅಪ್ಪನೋ ಅಮ್ಮನೋ ಕಿತ್ತಳೆ ಸುಲಿದಿಡಬೇಕು, ಅರ್ಧ ಆಟಕ್ಕೆ ಪೀಪಿ ಊದಿದ ತಕ್ಷಣ ಮಕ್ಕಳು ಓಡಿ ಬಂದು ಬುಟ್ಟಿ ಖಾಲಿ ಮಾಡ್ತವೆ. ಇವತ್ತು ಸರದಿ ನಂದಲ್ಲ. ನಾನೇ ಕೇಳಿ ಇಸ್ಕೊಂಡೆ. ಮೊದಲನೇ ದಿನ ನೋಡಿ. ಒಂದೂವರೆ ವರ್ಷದ ಬೀಗ ಇವತ್ತು ತೆಗೆದಿದೆ. ಕೈಗೆ ಸ್ಯಾನಿಟೈಸರ್ ಹಾಕ್ಕೊಂಡೇ ಸುಲೀತಿರೋದು, ಹಂಗೆ ನೋಡ್ಬೇಡಿ.

ನಗ್ತಿದ್ದೀರಾ? ನಗಿ. ಪಾಲಿಕೆ ಕಚೇರಿ ಮೆಟ್ಟಿಲ ಮೇಲೆ ನಾನು ಮಕ್ಕಳ ಬೂಟು ಸಾಲಾಗಿ ಇಟ್ಟು ಧರಣಿ ಕೂತಾಗಲೂ ನಕ್ರು. ಮಕ್ಕಳಿಲ್ಲ, ಬರೀ ಬೂಟು. ಸಣ್ಣ ಸಣ್ಣ ಬೂಟು, ಮಕ್ಕಳ ಕಾಲು ಬೆಳೆದು ಕಿರಿದಾಗೋಗಿದ್ದವು. ಒಳಗಿದ್ದ ಸಾಹೇಬರು ಬಂದು, "ಏನಪ್ಪ, ಚಪ್ಪಲಿ ಅಂಗಡಿ ಹಾಕಿದ್ದೀಯಾ" ಅಂದ್ರು. ನಾನಂದೆ, "ಸ್ವಾಮಿ, ಬಾರ್ ತೆಗೆದ್ರಿ. ಮಾಲ್ ತೆಗೆದ್ರಿ. ಛತ್ರ ತೆಗೆದ್ರಿ. ವೋಟು ಕೇಳೋರು ಗುಂಪು ಕಟ್ಕೊಂಡು ನಮ್ಮ ಹಿನಕಲ್ ಬೀದೀಲಿ ಪಟಾಕಿ ಹೊಡೆದ್ರು. ವೈರಸ್ಸಿಗೆ ಅದೆಲ್ಲ ಕಾಣ್ಲಿಲ್ಲ. ಬಟಾಬಯಲಲ್ಲಿ, ಗಾಳಿ ಬಿಸಿಲಲ್ಲಿ ಚೆಂಡು ಒದೆಯೋ ಮಕ್ಕಳು ಮಾತ್ರ ಕಂಡ್ವಾ?" ಸಾಹೇಬರು ಒಳಗೆ ಹೋದ್ರು. ಮಾತಿಗೆ ಉತ್ತರ ಇಲ್ಲದಾಗ ದೊಡ್ಡೋರು ಒಳಗೇ ಹೋಗೋದು.

ನಾನು ಎಸ್ಸೆಸ್ಸೆಲ್ಸಿ ಫೇಲು ಮೇಡಂ. ಆಟೋ ಸೀಟು ಹೊಲಿಯೋನು. ಆದ್ರೆ ಸರ್ಕಾರದ ಆದೇಶ ಪ್ರತಿಯೊಂದನ್ನೂ ಡಿಕ್ಷನರಿ ಪಕ್ಕದಲ್ಲಿಟ್ಕೊಂಡು ಓದಿದೀನಿ. ನೀವು ಕಾಲೇಜಲ್ಲಿ ಪಾಠ ಹೇಳೋರು, ಗ್ರೂಪಲ್ಲಿ ಇಷ್ಟುದ್ದ ಇಂಗ್ಲಿಷ್ ಮೆಸೇಜ್ ಹಾಕಿದ್ರಿ, ಮಕ್ಕಳ ಜೀವಕ್ಕಿಂತ ಆಟ ದೊಡ್ಡದಾ ಅಂತ. ಅದನ್ನೂ ಓದಿದೆ. ಓದಿದ ಮಾರನೇ ದಿನವೇ ನಿಮ್ಮ ಸ್ಟೇಟಸ್ಸಲ್ಲಿ ವಿದ್ಯಾರಣ್ಯಪುರಂ ಛತ್ರದ ಫೋಟೋ. ಮದುವೆ ಊಟದ ಪಂಕ್ತಿ, ಭುಜಕ್ಕೆ ಭುಜ ತಾಗಿಸ್ಕೊಂಡು, ಎಲ್ಲರ ಮಾಸ್ಕೂ ಗಡ್ಡದ ಮೇಲೆ. ಹೋಳಿಗೆ ತಿನ್ನೋರಿಗೆ ಕೊರೊನಾ ಬರಲ್ಲ, ಚೆಂಡು ಒದೆಯೋರಿಗೆ ಬರುತ್ತೆ.

ನಂದಾ? ನನ್ನ ಮಾಸ್ಕು… ಇದು ಮಾತಾಡೋಕೆ ಇಳಿಸಿರೋದು ಕಣ್ರೀ. ಬೆಳಿಗ್ಗೆಯಿಂದ ಇಲ್ಲಿ ಕೂಗಿ ಕೂಗಿ ಗಂಟಲು ಒಣಗೋಗಿದೆ. ಸರಿ ಬುಡಿ, ಏರಿಸ್ತೀನಿ.

ವಿಷಯಕ್ಕೆ ಬರ್ತೀನಿ. ಡಬ್ಬಿ ಯಾಕೆ ಬಂತು ಅಂತ ತಾನೇ ನಿಮ್ಮ ಪ್ರಶ್ನೆ? ಜ್ವರ ನೋಡೋ ಗನ್ನು ಇತ್ತು. ಅದನ್ನ ಮಗು ಹಣೆಗೆ ಹಿಡಿದ್ರೂ ಒಂದೇ, ಈ ಗೇಟಿನ ಕಂಬಕ್ಕೆ ಹಿಡಿದ್ರೂ ಒಂದೇ. ಕಂಬಕ್ಕೇ ಸ್ವಲ್ಪ ಜಾಸ್ತಿ ತೋರಿಸ್ತು. ಕೊರೊನಾ ಬಂದ್ರೆ ಮೂಗಿಗೆ ವಾಸನೆ ಹತ್ತಲ್ವಲ್ಲ, ಅದಕ್ಕೇ ನಾನು ಈ ಉಪಾಯ ಮಾಡಿದ್ದು. ಮೂರು ಡಬ್ಬಿ. ಮುಚ್ಚಳದಲ್ಲಿ ತೂತು, ಸುತ್ತ ಕಾಗದ. ಒಂದರಲ್ಲಿ ಇಂಗು, ಒಂದರಲ್ಲಿ ಮಲ್ಲಿಗೆ, ಒಂದರಲ್ಲಿ ಕಾಫಿಪುಡಿ. ತಳದಲ್ಲಿ ನನಗೆ ಮಾತ್ರ ಗೊತ್ತಿರೋ ಗುರುತು. ಮಗು ಕಣ್ಣು ಮುಚ್ಚಿ, ಮೂಸಿ, ಹೇಳಬೇಕು. ಹೇಳಿದ್ರೆ ಒಳಗೆ. ಹೇಳದಿದ್ರೆ ಮನೆಗೆ. ಸಣ್ಣ ವರ್ಷಿಣಿ ಕೂಡ ಇಂಗು ಮೂಸಿ, "ಅಜ್ಜಿ ಹೊಟ್ಟೆನೋವಿನ ವಾಸನೆ" ಅಂದ್ಲು. ಬುಟ್ಟೆ ಒಳಕ್ಕೆ.

ನಿಮ್ಮ ಅಭಿನವ ಏನಂದ? ಮೊದಲನೇ ಡಬ್ಬಿಗೆ ಕಾಫಿಪುಡಿ ಅಂದ. ಇಂಗಿಗೆ. ಎರಡನೇದಕ್ಕೂ ಕಾಫಿಪುಡಿ. ಮಲ್ಲಿಗೆಗೆ. ಮೂರನೇದನ್ನ ಮೂಗಿನ ಹತ್ರ ತರೋಕೆ ಮುಂಚೇನೇ ಕಾಫಿಪುಡಿ ಅಂಕಲ್ ಅಂದ್ಬುಟ್ಟ. ಹಿಂದೆ ನಿಂತಿದ್ದ ಮಕ್ಕಳೆಲ್ಲ ಕಿಸಕ್ಕಂತ ನಕ್ವು. ನಾನು ನಗಲಿಲ್ಲ ಮೇಡಂ. ಸತ್ಯವಾಗ್ಲೂ.

ಏನಂದ್ರಿ? ವಾರವೆಲ್ಲ ಮನೇಲಿ ತಯಾರಿ ಮಾಡಿಸಿದ್ರಾ? ಯಾರು, ನಿಮ್ಮ ಮಾವನೋರಾ? ರಾಮಸ್ವಾಮಿ ಮೇಷ್ಟ್ರು… ಅಯ್ಯೋ, ಶಿವನೆ. ಗ್ರೂಪಲ್ಲಿ ನಾನು "ಉದಾಹರಣೆಗೆ ಕಾಫಿಪುಡಿ" ಅಂತ ಹಾಕಿದ್ದಕ್ಕೆ ಅದನ್ನೇ ಪ್ರಶ್ನೆಪತ್ರಿಕೆ ಅಂದ್ಕೊಂಡು ಮೊಮ್ಮಗನಿಗೆ ಬಾಯಿಪಾಠ ಮಾಡಿಸಿದ್ರಾ? ರಿಟೈರಾದ್ರೂ ಹೆಡ್‌ಮಾಸ್ಟರು ಹೆಡ್‌ಮಾಸ್ಟರೇ. ಅಲ್ಲ ಕಣ್ರೀ, ಇದು ಮೈಸೂರಲ್ಲಿ ಬಿಟ್ರೆ ಬೇರೆಲ್ಲಾದ್ರೂ ಆಗುತ್ತಾ? ಮೂಗಿಗೂ ಟ್ಯೂಷನ್ನು.

ಸರಿ, ಹುಡುಗ ಹೆದರಿ ಹಂಗಂದ ಅಂತಲೇ ಇಟ್ಕೊಳೋಣ. ಆದ್ರೆ ನನಗೆ ಹೆಂಗೆ ಗೊತ್ತಾಗಬೇಕು? ನಿಜವಾಗ್ಲೂ ವಾಸನೆ ಹೋಗಿ, ಮುಚ್ಚಿಡೋಕೆ ಕಾಫಿಪುಡಿ ಅಂದಿದ್ರೆ? ಕೋಪ ಮಾಡ್ಕೋಬೇಡಿ. ಮುಚ್ಚಿಡೋರು ಇದಾರೆ ಮೇಡಂ. ಮುಚ್ಚಿಡೋರನ್ನ ಕಂಡ್ರೆ ನನಗೆ ಮೈಯೆಲ್ಲ ಉರೀತದೆ. ಯಾಕೆ ಅಂತ ಹೇಳ್ತೀನಿ.

ನಮ್ಮವ್ವ ತಿಮ್ಮಮ್ಮ. ಎರಡನೇ ಅಲೇಲಿ. ಒಂದು ಬೆಳಿಗ್ಗೆ ಒಗ್ಗರಣೆ ಸೀದು ಮನೆಯೆಲ್ಲ ಹೊಗೆ, ನಾವು ಕೆಮ್ತಾ ಆಚೆ ಓಡಿ ಬಂದ್ವಿ. ಅವ್ವ ಒಲೆ ಮುಂದೆ ನಿಂತು ಸಾರು ತಿರುಗಿಸ್ತಾ ಇದ್ಲು, ಏನೂ ಆಗಿಲ್ಲ ಅನ್ನೋ ಹಂಗೆ. ಕೇಳಿದ್ರೆ ನೆಗಡಿ ಅಂದ್ಲು. ಅವಳಿಗೆ ಗೊತ್ತಿತ್ತು. ಹೇಳಿದ್ರೆ ಮನೆಗೆ ಟೇಪು ಸುತ್ತುತಾರೆ, ಬೀದಿಯೋರು ಬೈತಾರೆ, ಮಗನ ಅಂಗಡಿ ಮುಚ್ಚುತ್ತೆ, ನಾಳೆ ನೋಡೋಣ, ನಾಳೆ ಹೇಳೋಣ… ಅವಳು ಉಳ್ಕೊಂಡ್ಲು. ಅಪ್ಪ ಉಳೀಲಿಲ್ಲ. ಅವರ ತಟ್ಟೆಗೆ ಬಡಿಸ್ತಿದ್ದೋಳು ಅವಳೇ. ಇವತ್ತಿಗೂ ಅವ್ವ ಒಗ್ಗರಣೆ ಹಾಕಲ್ಲ. ನನ್ನ ಹೆಂಡ್ತಿ ಕುಸುಮಾನೇ ಹಾಕ್ಬೇಕು.

ಅದಕ್ಕೇ ಮೇಡಂ. ಮೈದಾನ ತೆಗೀಬೇಕು ಅಂತ ಬಡಿದಾಡಿದೋನೂ ನಾನೇ, ಗೇಟಲ್ಲಿ ಡಬ್ಬಿ ಹಿಡಿದು ನಿಂತೋನೂ ನಾನೇ. ಒಂದು ಮಗುವಿಗೆ ಕೆಮ್ಮು ಬಂದ್ರೂ ಸಾಕು, ಬೀಗ ಹಾಕೋಕೆ ಆ ಸಾಹೇಬರು ಕಾಯ್ತಾ ಇದಾರೆ. ಆಮೇಲೆ ಈ ಮಕ್ಕಳು ಮತ್ತೆ ಮೊಬೈಲಿಗೆ. ನನ್ನ ಲಿಖಿತ್ ಈ ಒಂದೂವರೆ ವರ್ಷ ಹೆಂಗಿದ್ದ ಗೊತ್ತಾ? ತಾತ ಹೋದ ಮೇಲೆ ಮಾತೇ ನಿಲ್ಲಿಸ್ಬುಟ್ಟ. ಗೋಡೆಗೆ ಚೆಂಡು ಒದೆಯೋದು, ಹಿಡಿಯೋದು, ಒದೆಯೋದು. ಅಷ್ಟೇ. ಇವತ್ತು ಬೆಳಿಗ್ಗೆ ಎದ್ದೋನೇ ಅಪ್ಪ ಅಂದ. ಬೂಟಿನ ದಾರ ಕಟ್ಟು ಅಂದ. ಆ ಖುಷೀಲಿ ಕಾಫೀನೂ ಸರಿಯಾಗಿ ಕುಡೀಲಿಲ್ಲ. ಕುಸುಮ ಬರೀ ಬಿಸಿನೀರು ಕೊಟ್ಟಂಗಿತ್ತು, ಡಿಕಾಕ್ಷನ್ ಹಾಕೋದು ಮರೆತ್ಯಾ ಅಂತ ಬೈದು ಬಂದೆ.

ಏನಾಯ್ತು? ಮಾಸ್ಕ್ ಇದೆಯಲ್ಲ, ಅದರ ಮೇಲೆ ವೇಲು ಬೇರೆ ಯಾಕೆ ಒತ್ಕೊತೀರಿ? ನಾನು ಆರಡಿ ದೂರ ಇದೀನಿ. ಓಹೋ. ಹಿನಕಲ್‌ನೋರ ಬೆವರು ನಿಮ್ಮ ದಟ್ಟಗಳ್ಳಿಯೋರ ಮೂಗಿಗೆ ಬಡಿದುಬುಡ್ತಾ? ನೋಡಿ, ನೋಡಿ, ನಿಮ್ಮ ಮಗನೂ ಸ್ಕೂಟರ್ ಮೇಲೆ ಕೂತು ಮೂಗು ಹಿಡ್ಕೊಂಡವ್ನೆ. ಚೆನ್ನಾಗಿ ಕಲಿಸಿದ್ದೀರಿ. ಎರಡೂ ಕೈಲಿ ಹಿಡ್ಕೊಂಡವ್ನಲ್ಲ ಪುಣ್ಯಾತ್ಮ.

ಹಿಂದೆನಾ? ಏನಿದೆ ಹಿಂದೆ…

ಓ. ಕಸದ ಗಾಡಿ. ಯಾವಾಗ ಬಂದು ನಿಂತ್ಕೊಂಡ್ತು ಇದು? ಹೌದು ಹೌದು. ನಾತ. ಎಂಥ ನಾತ, ಅಬ್ಬಾ. ಮೀನಿನ ಅಂಗಡೀದು ಇರ್ಬೇಕು… ಏ, ಮುಂದಕ್ಕೆ ಹೊಡ್ಕೊಂಡ್ ಹೋಗಯ್ಯ, ಮಕ್ಕಳು ಆಡ್ತವೆ ಇಲ್ಲಿ.

ಹಾಂ, ಏನು ಹೇಳ್ತಿದ್ದೆ? ಸಾಹೇಬರು. ಆ ಸಾಹೇಬರಿಗೆ ನಾನು…

ಯಾಕೆ ಹಂಗೆ ನೋಡ್ತೀರಿ? ಮಗನನ್ನ ನೋಡೋದು, ನನ್ನ ನೋಡೋದು. ಮಾತಿನ ಭರದಲ್ಲಿ ಗಮನ ಇರಲಿಲ್ಲ ಕಣ್ರೀ. ಆಟೋ ಸೀಟಿನ ರೆಕ್ಸಿನ್, ಅಂಟು, ಇಪ್ಪತ್ತು ವರ್ಷದಿಂದ ಅದರ ಮಧ್ಯೆ ಕೂತೋನಿಗೆ ಕಸದ ಗಾಡಿ ಒಂದು ಲೆಕ್ಕವಾ. ಅಭಿನವನ ಮೂಗು ಚೆನ್ನಾಗಿದೆ, ಆಯ್ತು, ಒಪ್ಕೊಂಡೆ. ಗಾಡಿ ಅಷ್ಟು ದೂರ ಇದ್ದಾಗಲೇ ಹಿಡ್ಕೊಂಡ. ಕರೀರಿ, ಒಳಗೆ ಹೋಗಲಿ. ಹೋಗಪ್ಪ ಅಭಿನವ, ಗೋಲು ಖಾಲಿ ಇದೆ…

ಕಳಿಸಲ್ವಾ? ಯಾಕೆ?

ಡಬ್ಬಿ ಯಾಕೆ ತಗೊಂಡ್ರಿ? ಇಡಿ ಮೇಡಂ ಅದನ್ನ. ಅದು ಮಕ್ಕಳಿಗೆ.

ಹುಚ್ಚಾಟ ಬುಡಿ. ನಾನು ಪರೀಕ್ಷೆ ಮಾಡೋನು, ಪರೀಕ್ಷೆ ಕೊಡೋನಲ್ಲ. ನೋಡಿ, ಆ ಕಾರಿನ ಹತ್ರ ನಿಂತೋರೆಲ್ಲ ಈ ಕಡೆ ನೋಡ್ತಾ ಇದಾರೆ. ಏನಂದ್ಕೋತಾರೆ? ಆಯ್ತು. ಆಯ್ತಮ್ಮ. ಸಿದ್ದೇಶ ಬೇರೆಯೋರಿಗೊಂದು ತನಗೊಂದು ಮಾಡೋನಲ್ಲ. ತಳ ನೋಡ್ಬೇಡಾ? ನೋಡಲ್ಲ. ಕಣ್ಣು ಮುಚ್ಚಿದೆ. ಮಾಸ್ಕ್ ಇಳಿಸಿದೆ. ಹಿಡೀರಿ.

ಹತ್ರ ತನ್ನಿ.

ಇನ್ನೂ ಸ್ವಲ್ಪ ಹತ್ರ.

…

ಕಾಫಿಪುಡಿ.

…

ಸರಿ ತಾನೇ? ಇರಿ, ಮಲ್ಲಿಗೆ. ಇಷ್ಟೊತ್ತಿಗೆ ಬಾಡಿರುತ್ತೆ, ಅದಕ್ಕೇ ಗೊತ್ತಾಗಲಿಲ್ಲ. ಮಲ್ಲಿಗೆ ಅಲ್ವಾ?

ಮೇಡಂ. ಏನಾದ್ರೂ ಅನ್ನಿ. ಬಯ್ಯಿರಿ ಬೇಕಾದ್ರೆ.

ಕಣ್ಣು ಬಿಡ್ತೀನಿ.

ಇಂಗು. ಮುಚ್ಚಳಾನೇ ತೆಗೆದು ಹಿಡಿದಿದ್ದೀರಿ. ನಿಮ್ಮ ಹುಡುಗ ಅಲ್ಲಿಂದಲೇ ಮೂಗು ಉಜ್ಜುತಾ ಇದಾನೆ.

ನೆಗಡಿ ಮೇಡಂ. ನೆನ್ನೆ ಸೋನೆ ಮಳೇಲಿ ನೆಂದಿದ್ದೆ… ಬೆಳಿಗ್ಗೆ ಡಬ್ಬಿ ತುಂಬೋವಾಗ ಒಂದೊಂದನ್ನೇ ಮೂಸಿದೆ. ಇಂಗಿನ ಡಬ್ಬಿಗೆ ಮೂಗು ಅದ್ದಿದ್ದೆ. ಏನೂ ಇಲ್ಲ. ನೆಗಡಿ ಅಂದ್ಕೊಂಡೆ. ಅಂದ್ಕೋಬೇಕು ಅಂತ ಅಂದ್ಕೊಂಡೆ. ಬೂಟಿನ ದಾರ ಕಟ್ಟು ಅಂತ ಕಾಲು ಚಾಚಿ ಕೂತಿದ್ದ ಮೇಡಂ ಅವನು. ಇವತ್ತು ಬೇಡ ಮಗ ಅಂತ ಹೆಂಗೆ ಹೇಳಲಿ? ನಾನೇ ಬೀಗ ತೆಗೆಸಿ, ನಾನೇ ಹಾಕಿಸಿದೆ ಅನ್ನಲ್ವಾ ಊರು? ಆ ಸಾಹೇಬರು ನಗಲ್ವಾ? ಇವತ್ತೊಂದು ದಿನ ಮೇಡಂ. ಇದೊಂದು ಆಟ ಮುಗೀಲಿ. ನಾಳೆ ಬೆಳಿಗ್ಗೇನೇ ಟೆಸ್ಟ್ ಮಾಡಿಸ್ತೀನಿ, ನಾಳೆ ನಾನೇ ಗ್ರೂಪಲ್ಲಿ ಹೇಳ್…

…

ಹಂಗೆ ನೋಡ್ಬೇಡಿ. ಗೊತ್ತಾಯ್ತು. ಅವ್ವನೂ ಹಿಂಗೇ ಅಂದಿದ್ಲು.

ಪೀಪಿ ಊದ್ಬುಟ್ಟ. ಬರ್ತಾ ಇದಾವೆ. ಎಲ್ಲರಿಗಿಂತ ಮುಂದೆ ನನ್ನ ಮಗನೇ, ನೋಡಿ, ಬುಟ್ಟಿ ಮೇಲೇ ಕಣ್ಣು.

ಮೇಡಂ, ಗೇಟಿಗೆ ಅಡ್ಡ ನಿಂತ್ಕೊಳಿ. ಆಟ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸು ಅಂತ ಯೋಗೇಂದ್ರನಿಗೆ ಹೇಳಿ. ಯಾಕೆ ಅಂತ ಕೇಳಿದ್ರೆ ನನ್ನ ಹೆಸರು ಹೇಳಿ. ನಾನು ಬುಟ್ಟಿ ಎತ್ಕೊಂಡು ಆ ಮೋರಿ ಕಡೆ ಹೋಗ್ತೀನಿ. ಲಿಖಿತ್‌ಗೆ ಮಾತ್ರ… ಅಪ್ಪನ ಹತ್ರ ಹೋಗ್ಬೇಡ ಅಂತ ನೀವೇ ಹೇಳ್ಬುಡಿ ಮೇಡಂ. ನಾನು ಹೇಳಿದ್ರೆ, ಯಾಕಪ್ಪ ಅಂತ ಕೇಳ್ಕೊಂಡು ಇನ್ನೂ ಹತ್ರ ಬರ್ತಾನೆ.