ಸೆರಗಿಗೆ ಸಿಕ್ಕಿಸಿದ್ದ ಮೈಕು

ಮಳೆಗಾಲ ಮುಗಿಯುತ್ತಾ ಬಂದಿತ್ತು, ಬೆಳಗಿನ ಹತ್ತರ ಹೊತ್ತು. ಬಸ್ ನಿಲ್ದಾಣದ ಮೂಲೆಯಲ್ಲಿ ಕೊಡೆ ರಿಪೇರಿಯ ಅಜ್ಜ ಕಡ್ಡಿಗೆ ದಾರ ಬಿಗಿಯುತ್ತಿದ್ದ. ಪಕ್ಕದ ಬೆಂಚಿನಲ್ಲಿ ಲಾಂಡ್ರಿಯಲ್ಲಿ ದುಡಿಯುವ ಹೆಂಗಸೂ, ಲಾಂಡ್ರಿಯವರ ಬದುಕಿನ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ ಹುಡುಗಿಯೂ ಕೂತಿದ್ದರು. ಬೇಡವೆಂದರೂ ಅಜ್ಜನ ಕಿವಿ ಅತ್ತಲೇ ಹೋಯಿತು.

“ಕ್ಯಾಮೆರಾ ಚೀಲಕ್ಕೆ ಹಾಕಿದ್ಮೇಲೆ ತಾನೇ ನಾನು ಬಾಯಿ ಬಿಟ್ಟಿದ್ದು?”

“ಮೈಕು ಸೆರಗಲ್ಲೇ ಇತ್ತು, ಆಂಟಿ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ.”

“ಕಡಲೆಕಾಳಿನಷ್ಟಿತ್ತು, ಮರೆತೇ ಹೋಯ್ತು. ಮಗಳ ಹತ್ರ ಮಾತಾಡ್ದಂಗೆ ಮಾತಾಡ್ಬಿಟ್ಟೆ.”

“ಈ ಮಾತನ್ನ ಚಿತ್ರದಲ್ಲಿ ಹಾಕ್ಲಾ ಅಂತ ಒಂದ್ಮಾತು ಕೇಳಬೇಕಿತ್ತು ನಾನು.”

“ಅಕ್ಕ ಚೊಚ್ಚಲ ಕೂಸನ್ನ ಬೇರೆಯವರಿಗೆ ಕೊಟ್ಟಿದ್ದು ಅವಳ ಗಂಡುಮಕ್ಕಳಿಗೇ ಗೊತ್ತಿರ್ಲಿಲ್ಲ ಕಣೇ. ಅವತ್ತು ನೀನು ಚಿತ್ರ ತೋರಿಸಿದ ಹಾಲ್‌ನಲ್ಲಿ ಅವಳ ಆಚೆಗೊಬ್ಬ, ಈಚೆಗೊಬ್ಬ ಕೂತಿದ್ರು. ತೆರೆ ಮೇಲೆ ಒಣಗೋ ಬೆಡ್‌ಶೀಟು, ಅದರ ಹಿಂದೆ ನನ್ನ ದನಿ.”

“ಆ ಭಾಗ ತೆಗೆದುಬಿಟ್ಟೆ, ಆಂಟಿ.”

“ಆ ಹುಡುಗರ ಕಿವಿಯಿಂದ ತೆಗೀತೀಯಾ?”



“ನಿಮ್ಮಕ್ಕನ ಮನೆಗೆ ನಾನೂ ಬರ್ತೀನಿ, ಆಂಟಿ. ತಪ್ಪು ನಂದು ಅಂತ ಅವರ ಕಾಲಿಗೆ ಬೀಳ್ತೀನಿ.”

“ಬೀಳೋಕಾದ್ರೂ ಅವಳು ಬಾಗಿಲು ತೆಗೀಬೇಕಲ್ಲ. ಹೋದ ವಾರ ನಂಗೇ ತೆಗೀಲಿಲ್ಲ.”

ಬಸ್ಸು ಬಂತು. ಹುಡುಗಿಯೂ ಎದ್ದಳು.

“ಬೇಡ ಮಗಳೇ. ನಿನ್ನ ಕಂಡ್ರೆ, ಇದನ್ನೂ ಕ್ಯಾಮೆರಾದಲ್ಲಿ ಹಿಡ್ಕೋತಿದ್ದಾರೆ ಅಂದ್ಕೋತಾಳೆ.”

ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಹೆಂಗಸು, ಹೆಗಲ ಮೇಲಿನ ಸೆರಗನ್ನು ಮತ್ತೆ ಮತ್ತೆ ತಡವಿ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ. ಅಕ್ಕನ ಮನೆ ಕಡೆ ಹೊರಟದ್ದು ತಂಗಿ ಒಬ್ಬಳೇ.